ಮಾರುತಕ್ಕೆ ಎಂಜಿನ್ ಸಿಗದ ಪ್ರಕರಣ

ನಮ್ಮ ಮಾವ ಅಂಕೋಲಾ ಕಡೆ ಮೂವತ್ತು ವರ್ಷಕ್ಕಿಂತ ಜಾಸ್ತಿ ಮೀನುಗಾರಿಕೆ ಬೋಟಿನ ಎಂಜಿನ್ ರಿಪೇರಿ ಮಾಡಿದವರು. ಹೊಸ ಬೋಟು ಕಟ್ಟಿಸ್ತೇನೆ ಅಂತ ಯಾರಾದ್ರೂ ಸಲಹೆ ಕೇಳ್ಲಿಕ್ಕೆ ಬಂದ್ರೆ ಉದ್ದ ಎಷ್ಟು, ಮರದ್ದಾ ಫೈಬರಿಂದಾ ಅಂತೆಲ್ಲ ಮಾತಾಡೋ ಮೊದ್ಲು ಅವರು ಕೇಳೋದು ಒಂದೇ, ಎಂಜಿನ್ ಯಾವ್ದು, ಅದು ಕೈಗೆ ಬಂತಾ ಅಂತ. ಬುಕ್ ಮಾಡಿದ್ದೇನೆ ಅಂದ್ರೆ ಅವರಿಗೆ ಸಾಕಾಗೋದಿಲ್ಲ, ಶೆಡ್ಡಿಗೆ ಬಂದು ಇಳಿದಿರ್ಬೇಕು. ಎಂಜಿನ್ ಕೂರೋ ಫೌಂಡೇಶನ್ನು, ಶಾಫ್ಟ್ ಎಷ್ಟು ಓರೆ, ಹಿಂದಿನ ಫ್ಯಾನು ಎಷ್ಟು ದೊಡ್ಡದು, ಡೀಸೆಲ್ ಟ್ಯಾಂಕ್ ಎಲ್ಲಿ, ಮೀನು ತುಂಬಿ ವಾಪಸ್ ಬರುವಾಗ ಬೋಟು ಹಿಂದಕ್ಕೆ ಕೂರ್ತದಾ ಮುಂದಕ್ಕೆ ಬಾಗ್ತದಾ, ಇದೆಲ್ಲ ಎಂಜಿನ್ ಮೇಲೇ ನಿಂತಿರೋದು. ನಾನು ಸಣ್ಣವನಿದ್ದಾಗ ಒಬ್ಬರು ಒಂದು ಎಂಜಿನ್ ಅಂದಾಜಿಟ್ಟು ಬೋಟು ಪೂರ್ತಿ ಕಟ್ಟಿಸಿ, ಆಮೇಲೆ ಆ ಮಾಡೆಲ್ಲೇ ಬರೋದು ನಿಂತು, ಸಿಕ್ಕಿದ ಸಣ್ಣ ಎಂಜಿನ್ ಹಾಕಿ ಏಳೆಂಟು ವರ್ಷ ಓಡಿಸಿದ್ರು. ಬೋಟು ಒಳ್ಳೇದೇ ಇತ್ತು, ನೋಡ್ಲಿಕ್ಕೆ ಚೆಂದ, ಸಮುದ್ರ ಶಾಂತ ಇದ್ದಾಗ ಸರಾಗ ಹೋಗ್ತಿತ್ತು, ಬಲೆ ಎಳೀಲಿಕ್ಕೆ ಮಾತ್ರ ಕಸು ಸಾಲ್ತಿರ್ಲಿಲ್ಲ.

ಭಾರತದಲ್ಲೇ ಡಿಸೈನ್ ಆದ ಮೊದಲ ಜೆಟ್ ಯುದ್ಧವಿಮಾನಕ್ಕೆ ಆಗಿದ್ದೂ ಇದೇ. ಎಚ್‌ಎಫ್-24 ಮಾರುತ. ನಾನು ಕಾರವಾರದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಹುಡುಗ್ರಿಗೆ ಪಾಠ ಮಾಡ್ತೇನೆ, ಅವರಿಗೆ ಎಂಜಿನ್ ಅಂದ್ರೆ ಏನು, ಯಾಕೆ ಅದು ಬೇರೆಲ್ಲದಕ್ಕಿಂತ ಕಷ್ಟ ಅಂತ ಹೇಳ್ಲಿಕ್ಕೆ ಈ ಪ್ರಕರಣಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಕ್ಲಾಸಲ್ಲಿ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೀತಿದ್ದೇನೆ.

ಇದು ನನ್ನ ತಲೆಗೆ ಹೊಕ್ಕಿದ್ದು ಬೀಚಲ್ಲಿ. ಕಾರವಾರಕ್ಕೆ ಬಂದವರು ನೋಡಿರ್ತೀರಿ, ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ಪಕ್ಕ ಈಗ ಒಂದು ದೊಡ್ಡ ವಿಮಾನ ನಿಂತಿದೆ, ಟುಪೊಲೆವ್ ಟಿಯು-142. ನೌಕಾಪಡೆ 1988ರಲ್ಲಿ ಇಂಥ ಎಂಟು ವಿಮಾನ ತಗೊಂಡಿತ್ತು, ಸಮುದ್ರದ ಮೇಲೆ ಕಣ್ಣಿಡ್ಲಿಕ್ಕೆ, ಸಬ್‌ಮರೀನ್ ಹುಡುಕ್ಲಿಕ್ಕೆ, 29 ವರ್ಷ ಹಾರಿ 2017ರ ಮಾರ್ಚಲ್ಲಿ ಸೇವೆಯಿಂದ ಇಳಿದ್ವು. ಮಾವ ಆಸ್ಪತ್ರೆ ಕೆಲಸಕ್ಕೆ ಕಾರವಾರಕ್ಕೆ ಬಂದಾಗ ಸಂಜೆ ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ಅವರು ರೆಕ್ಕೆ ನೋಡ್ಲಿಲ್ಲ, ಬಾಲ ನೋಡ್ಲಿಲ್ಲ, ಸೀದಾ ಎಂಜಿನ್ ಕೆಳಗೆ ಹೋಗಿ ನಿಂತ್ರು. ಒಂದೊಂದು ಎಂಜಿನ್ನಿಗೆ ಒಂದರ ಹಿಂದೊಂದು ಎರಡು ಫ್ಯಾನು, ನಾಲ್ಕು ಎಂಜಿನ್ನಿಗೆ ಎಂಟು ಫ್ಯಾನು. "ಎರಡೂ ಉಲ್ಟಾ ತಿರುಗ್ತದೆ ಕಾಣು ತಮಾ" ಅಂದ್ರು ಅಲಗಿನ ಓರೆ ನೋಡೇ. ಸರಿ ಹೇಳಿದ್ರು, ಮುಂದಿನ ಫ್ಯಾನು ತಿರುಚಿ ಬಿಟ್ಟ ಗಾಳೀನ ಹಿಂದಿನದು ನೇರ ಮಾಡ್ತದೆ, ಅಷ್ಟು ದೊಡ್ಡ ಶಕ್ತಿ ಒಂದೇ ಫ್ಯಾನಿಗೆ ಕೊಡ್ಲಿಕ್ಕೆ ಆಗೋದಿಲ್ಲ. ಎನ್‌ಕೆ-12 ಅಂತ ಆ ಎಂಜಿನ್ ಹೆಸರು, ಒಂದೊಂದೂ ಸುಮಾರು 15,000 ಹಾರ್ಸ್‌ಪವರ್, ಸೇವೆಗೆ ಬಂದ ಟರ್ಬೊಪ್ರಾಪ್ (ಟರ್ಬೈನಿಂದ ಫ್ಯಾನು ತಿರುಗಿಸೋ) ಎಂಜಿನ್‌ಗಳಲ್ಲಿ ಇದಕ್ಕಿಂತ ಶಕ್ತಿಯದ್ದು ಇವತ್ತಿಗೂ ಬಂದಿಲ್ಲ. "ಇದನ್ನ ಮಾಡಿದ್ದು ಯಾರು?" ಅಂತ ಕೇಳಿದ್ರು. ರಷ್ಯಾದವರು ಅಂದೆ. ಮನೆಗೆ ಬಂದು ಓದ್ತಾ ಹೋದಾಗ ಗೊತ್ತಾಯ್ತು, ನನ್ನ ಉತ್ತರ ಅರ್ಧ ಮಾತ್ರ ಸರಿ, ಉಳಿದ ಅರ್ಧ ಹೋಗಿ ಮುಟ್ಟೋದು ನಮ್ಮ ಮಾರುತಕ್ಕೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ತಿನವರು ಜರ್ಮನಿಯ ಎಂಜಿನ್ ಕಂಪನಿಗಳ ಇಂಜಿನಿಯರ್‌ಗಳನ್ನ ಗುಂಪುಗುಂಪಾಗಿ ಕರ್ಕೊಂಡು ಹೋದ್ರು. ಅದ್ರಲ್ಲಿ ಯುಂಕರ್ಸ್ ಅನ್ನೋ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ಫರ್ಡಿನಾಂಡ್ ಬ್ರಾಂಡ್ನರ್ ಅನ್ನೋ ಆಸ್ಟ್ರಿಯಾದ ಇಂಜಿನಿಯರ್ ಒಬ್ಬರು. ಸೋವಿಯತ್ ಎಂಜಿನ್ ಡಿಸೈನರ್ ಕುಜ್ನೆತ್ಸೊವ್ ಅವರ ಕಾರ್ಖಾನೆಯಲ್ಲಿ ಈ ದೊಡ್ಡ ಟರ್ಬೊಪ್ರಾಪ್ ಹುಟ್ಟಿದಾಗ ಆ ಜರ್ಮನ್ ತಂಡಕ್ಕೆ ಮುಂದಾಳು ಇವರೇ. ಬಿಡುಗಡೆಯಾಗಿ ಊರಿಗೆ ಹೋದ ಬ್ರಾಂಡ್ನರ್ ಆಮೇಲೆ ಹೋಗಿದ್ದು ಈಜಿಪ್ಟಿಗೆ. ಅಲ್ಲಿ ಅವರು ಮಾಡಿದ ಜೆಟ್ ಎಂಜಿನ್ ಇ-300. ಆ ಎಂಜಿನ್ ನಮ್ಮ ಮಾರುತಕ್ಕೆ ಬರ್ಬೇಕಿತ್ತು.

ಈಗ ಮೊದಲಿಂದ ಹೇಳ್ತೇನೆ.

1950ರ ದಶಕದಲ್ಲಿ ನಮ್ಮ ವಾಯುಸೇನೆ ಒಂದು ವಿಮಾನ ಬೇಕು ಅಂತ ಬರೆದುಕೊಟ್ಟಿತು. ಶಬ್ದದ ಎರಡು ಪಟ್ಟು ವೇಗ, 60,000 ಅಡಿ ಎತ್ತರ, 800 ಕಿಲೋಮೀಟರ್ ಆಚೆ ಹೋಗಿ ಹೊಡೆದು ಬರೋ ತಾಕತ್ತು. ಆಗ ತಾನೇ ಸ್ವತಂತ್ರ ಆದ ದೇಶ, ಜೆಟ್ ಡಿಸೈನ್ ಮಾಡಿದ ಒಬ್ಬ ಮನುಷ್ಯನೂ ಇರ್ಲಿಲ್ಲ. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನ ಬೆಂಗಳೂರಿನ ಎಚ್‌ಎಎಲ್‌ಗೆ ಕರೆಸಿದ್ರು, ಯುದ್ಧದ ಕಾಲದ ಫೋಕೆ-ವುಲ್ಫ್ 190 ವಿಮಾನ ಮಾಡಿದವರು ಅವರು. ಅವರ ಕೈಕೆಳಗೆ ನಮ್ಮ ಹುಡುಗರು ಕೆಲಸ ಕಲೀತಾ ವಿಮಾನ ಮಾಡಿದ್ರು. ಅದೇ ಆಕಾರದ ಮರದ ಗ್ಲೈಡರ್ ಮಾಡಿ 1959ರಲ್ಲಿ ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದು ಹಾರಿಸಿ ನೋಡಿದ್ರು, ಇದೊಂದು ನನಗೆ ತುಂಬ ಇಷ್ಟ, ಬೇರೆ ಸೌಲಭ್ಯ ಇಲ್ಲದಿದ್ರೂ ಕಲೀಬೇಕು ಅನ್ನೋ ಹಟ ಅದ್ರಲ್ಲಿ ಕಾಣ್ತದೆ. 1961ರ ಜೂನ್ 17ಕ್ಕೆ ಸುರಂಜನ್ ದಾಸ್ ಅವರು ನಿಜವಾದ ಮಾರುತ ಹಾರಿಸಿದ್ರು. ಕೆಲಸ ಶುರುವಾಗಿ ಐದೇ ವರ್ಷ. ಇವತ್ತಿನ ಲೆಕ್ಕದಲ್ಲಿ ನೋಡಿದ್ರೆ ನಂಬ್ಲಿಕ್ಕೆ ಆಗೋದಿಲ್ಲ.

ಆದ್ರೆ ಎಂಜಿನ್? ವಿಮಾನದ ಲೆಕ್ಕ ಎಲ್ಲಾ ಇಟ್ಟಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ ಬಿಒಆರ್-12 ಅನ್ನೋ ಎಂಜಿನ್ ಮೇಲೆ. ಆಫ್ಟರ್‌ಬರ್ನರ್ (ಹಿಂದೆ ಹೋಗೋ ಬಿಸಿ ಗಾಳಿಗೆ ಮತ್ತಷ್ಟು ಇಂಧನ ಹಾಕಿ ಉರಿಸೋ ಭಾಗ) ಹಚ್ಚಿದ್ರೆ ಒಂದೊಂದೂ 8,170 ಪೌಂಡ್ ನೂಕು ಕೊಡೋದು, ಅಂದ್ರೆ ಸುಮಾರು 3,700 ಕೆಜಿ. ವಿಮಾನಕ್ಕೆ ಅಂಥವು ಎರಡು. ಆ ಎಂಜಿನ್ ಇನ್ನೂ ಅಭಿವೃದ್ಧಿ ಹಂತದಲ್ಲಿತ್ತು, ನೇಟೋ ದೇಶಗಳ ಸಣ್ಣ ಯುದ್ಧವಿಮಾನಕ್ಕೆ ಬೇಕಾಗಬಹುದು ಅಂತ ಕಂಪನಿ ಶುರು ಮಾಡಿದ್ದು. ನೇಟೋದವರಿಗೆ ಅದು ಬೇಡವಾಯ್ತು. ಬ್ರಿಟನ್ನಿನವರು ಭಾರತಕ್ಕೆ ಹೇಳಿದ್ರು, ನಿಮಗೆ ಬೇಕಾದ್ರೆ ಮುಂದಿನ ಅಭಿವೃದ್ಧಿ ಖರ್ಚು ನೀವು ಕೊಡಿ ಅಂತ. ಭಾರತ ಒಪ್ಲಿಲ್ಲ. ಎಂಜಿನ್ ಅಲ್ಲಿಗೇ ನಿಂತೋಯ್ತು.

ಈ ನಿರ್ಧಾರ ಮಾಡಿದವರನ್ನ ಬೈಯೋದು ಸುಲಭ, ಆದ್ರೆ ಆ ಕಾಲ ನೆನಪಿಡ್ಬೇಕು. 1957-58ರಲ್ಲಿ ದೇಶದ ಹತ್ರ ವಿದೇಶಿ ವಿನಿಮಯ ಕರಗಿ ಹೋಗಿತ್ತು, ಒಂದೊಂದು ಪೌಂಡಿಗೂ ಲೆಕ್ಕ. ಇನ್ನೂ ಪೂರ್ತಿಯಾಗದ, ಬೇರೆ ಯಾರೂ ಕೊಳ್ಳದ ಒಂದು ಎಂಜಿನ್ನಿಗೆ ದುಡ್ಡು ಸುರಿಯೋದು ಆಗ ಕುರ್ಚಿಯಲ್ಲಿ ಕೂತವರಿಗೆ ಸರಿ ಕಂಡಿಲ್ಲದೆ ಇರಬಹುದು. ಅದೂ ಅಲ್ದೆ ಕೈಲಿ ಒಂದು ಎಂಜಿನ್ ಇತ್ತಲ್ಲ. ಅದೇ ಆರ್ಫಿಯಸ್ ಕುಟುಂಬದ ಸಾದಾ ಮಾಡೆಲ್, 703. ನ್ಯಾಟ್ ಅನ್ನೋ ಸಣ್ಣ ಯುದ್ಧವಿಮಾನದ ಸಲುವಾಗಿ (ಅದಕ್ಕೆ ಹಾಕೋದು 701) ಆರ್ಫಿಯಸ್ಸನ್ನ ಬೆಂಗಳೂರಲ್ಲಿ ಲೈಸೆನ್ಸ್ ತಗೊಂಡು ಮಾಡೋ ಕಾರ್ಖಾನೆ 1957ರಲ್ಲೇ ಎಚ್‌ಎಎಲ್ ಶುರು ಮಾಡಿತ್ತು. ಆಫ್ಟರ್‌ಬರ್ನರ್ ಇಲ್ಲ, ನೂಕು 4,850 ಪೌಂಡ್, ಅಂದ್ರೆ 2,200 ಕೆಜಿ. ಬೇಕಿದ್ದದ್ದರ ನೂರಕ್ಕೆ ಅರವತ್ತು ಪಾಲು ಅಂತ ಇಟ್ಕೊಳ್ಳಿ. ಸದ್ಯಕ್ಕೆ ಇದನ್ನೇ ಹಾಕುವಾ, ದೊಡ್ಡದು ಬಂದ ಮೇಲೆ ಬದಲಾಯಿಸುವಾ ಅಂತ ಮಾರುತಕ್ಕೆ ಎರಡು ಆರ್ಫಿಯಸ್ 703 ಕೂರಿಸಿದ್ರು.

ನಾನು ಹುಡುಗ್ರಿಗೆ ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳ್ತೇನೆ. ಬೆಂಗಳೂರಲ್ಲೇ ಆರ್ಫಿಯಸ್ ತಯಾರಾಗ್ತಿತ್ತು ಅಂದ್ಮೇಲೆ ಅದನ್ನೇ ಸ್ವಲ್ಪ ದೊಡ್ಡದು ಮಾಡ್ಲಿಕ್ಕೆ ನಮಗೆ ಯಾಕೆ ಆಗ್ಲಿಲ್ಲ? ಹೆಚ್ಚಿನವರು ಮಷೀನ್ ಇರ್ಲಿಲ್ಲ, ದುಡ್ಡಿರ್ಲಿಲ್ಲ ಅಂತಾರೆ. ಇಡೀ ಪ್ರಕರಣದ ಗಂಟು ಇಲ್ಲೇ ಇರೋದು, ಅದಕ್ಕೆ ಸ್ವಲ್ಪ ಉದ್ದ ಹೇಳ್ತೇನೆ. ಲೈಸೆನ್ಸ್ ಮೇಲೆ ಮಾಡುವಾಗ ಡ್ರಾಯಿಂಗ್ ಬರ್ತದೆ, ಯಾವ ಲೋಹ, ಎಷ್ಟು ಮಿಲಿಮೀಟರ್, ಎಷ್ಟು ಡಿಗ್ರಿಗೆ ಕಾಯಿಸ್ಬೇಕು ಎಲ್ಲಾ ಬರೆದಿರ್ತದೆ. ಬ್ಲೇಡು ಅಷ್ಟೇ ದಪ್ಪ ಯಾಕೆ, ಅದಕ್ಕಿಂತ ತೆಳ್ಳಗೆ ಮಾಡಿದ್ರೆ ಎಷ್ಟು ತಾಸಿಗೆ ಒಡೀತದೆ, ಮೊದ್ಲು ಮಾಡಿದ ಹತ್ತು ಡಿಸೈನ್ ಯಾಕೆ ಸೋತವು ಅನ್ನೋದು ಡ್ರಾಯಿಂಗಲ್ಲಿ ಬರೋದಿಲ್ಲ, ಅದು ಕಂಪನಿಯ ಹಳೇ ಇಂಜಿನಿಯರ್‌ಗಳ ತಲೇಲಿ, ಅವರ ಟೆಸ್ಟ್ ಬೆಡ್ಡಿನ (ಎಂಜಿನ್ ಕಟ್ಟಿ ಓಡಿಸಿ ನೋಡೋ ಜಾಗ) ದಾಖಲೆಗಳಲ್ಲಿ ಇರ್ತದೆ. ಅದನ್ನ ಯಾರೂ ಮಾರೋದಿಲ್ಲ.

ಜೆಟ್ ಎಂಜಿನ್ ತತ್ವ ಒಂದು ಪುಟದಲ್ಲಿ ಮುಗೀತದೆ. ಮುಂದಿಂದ ಗಾಳಿ ಎಳ್ಕೊ, ಕಂಪ್ರೆಸರಲ್ಲಿ ಒತ್ತು, ಇಂಧನ ಹಾಕಿ ಉರಿಸು, ಆ ಬಿಸಿ ಗಾಳಿ ಟರ್ಬೈನ್ ತಿರುಗಿಸಿ ಹಿಂದೆ ನುಗ್ಗಿ ಹೋಗ್ತದೆ, ಟರ್ಬೈನ್ ಕಂಪ್ರೆಸರನ್ನ ತಿರುಗಿಸ್ತದೆ. ಕಷ್ಟ ಇರೋದು ಆ ಟರ್ಬೈನಲ್ಲಿ. ಇವತ್ತಿನ ಯುದ್ಧವಿಮಾನದ ಎಂಜಿನಲ್ಲಿ ಅಲ್ಲಿಗೆ ಬರೋ ಗಾಳಿಯ ಬಿಸಿ ಆ ಬ್ಲೇಡಿನ ಲೋಹ ಕರಗೋ ಬಿಸಿಗಿಂತ ಜಾಸ್ತಿ. ಆ ಬಿಸಿಯಲ್ಲಿ ನಿಂತು ಅದು ನಿಮಿಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಸುತ್ತು ತಿರುಗ್ಬೇಕು, ಬೆರಳಷ್ಟು ದೊಡ್ಡ ಒಂದೊಂದು ಬ್ಲೇಡನ್ನ ಹೊರಗೆ ಎಳೆಯೋ ಬಲ ಟನ್ ಲೆಕ್ಕದಲ್ಲಿ. ಅದು ಕರಗದೆ ಉಳಿಯೋದು ಒಳಗೆ ಕೊರೆದ ಸಣ್ಣ ಸಣ್ಣ ತೂತಿಂದ ತಂಪು ಗಾಳಿ ಹೊರಗೆ ಬಂದು ಬ್ಲೇಡಿನ ಮೈಮೇಲೆ ಒಂದು ಪದರ ಹಾಸೋದ್ರಿಂದ. ಅದೂ ಸಾಲ್ದೆ ಇಡೀ ಬ್ಲೇಡನ್ನ ಒಂದೇ ಹರಳಾಗಿ ಬೆಳೆಸ್ತಾರೆ, ಲೋಹದಲ್ಲಿ ಹರಳು ಹರಳಿನ ಮಧ್ಯೆ ಇರೋ ಗಡಿಯಲ್ಲೇ ಬಿರುಕು ಶುರುವಾಗೋದು, ಗಡಿಯೇ ಇಲ್ಲದಿದ್ರೆ ಬಿರುಕಿಗೆ ದಾರಿ ಕಮ್ಮಿ. ನಮ್ಮ ಹೈದರಾಬಾದಿನ ಲೋಹ ಸಂಶೋಧನೆಯ ಡಿಎಂಆರ್‌ಎಲ್ ಪ್ರಯೋಗಾಲಯ ಅಂಥ ಏಕಹರಳಿನ 60 ಬ್ಲೇಡ್ ಮಾಡಿ ಹೆಲಿಕಾಪ್ಟರ್ ಎಂಜಿನ್ನಿಗೆ ಅಂತ ಎಚ್‌ಎಎಲ್‌ಗೆ ಕೊಟ್ಟಿದ್ದು 2021ರಲ್ಲಿ. ಮಾರುತ ಹಾರಿ 60 ವರ್ಷದ ಮೇಲೆ. ಆರ್ಫಿಯಸ್ ಕಾಲಕ್ಕೆ ಇದೆಲ್ಲ ಬೇಕಿರ್ಲಿಲ್ಲ, ಆದ್ರೆ ಆಗ ಶುರು ಮಾಡಿದ್ರೆ ಇಲ್ಲಿಗೆ ಬೇಗ ಬರ್ತಿದ್ವು ಅನ್ನೋದು ನನ್ನ ಮಾತು.

ಸರಿ, ಮುಂದೇನಾಯ್ತು. ಎಂಜಿನ್ನಿಗಾಗಿ ಹುಡುಕಾಟ. ಸೋವಿಯತ್ ಎಂಜಿನ್‌ಗಳನ್ನ ನೋಡಿದ್ರು, ಸರಿಹೋಗ್ಲಿಲ್ಲ. ಅಷ್ಟರಲ್ಲಿ ಈಜಿಪ್ಟಲ್ಲಿ ನಮ್ಮದೇ ಥರದ ಇನ್ನೊಂದು ಕಥೆ ನಡೀತಿತ್ತು. ಅವರದ್ದು ಎಚ್‌ಎ-300 ಅಂತ ವಿಮಾನ, ಅದನ್ನ ಡಿಸೈನ್ ಮಾಡಿದ್ದೂ ಜರ್ಮನ್ ಹಿರಿಯ ಮೆಸ್ಸರ್‌ಶ್ಮಿಟ್, ಎಂಜಿನ್ ಮಾಡ್ತಿದ್ದದ್ದು ನಮ್ಮ ಕಾರವಾರದ ಟುಪೊಲೆವ್ ಎಂಜಿನ್ನಿನ ಅದೇ ಬ್ರಾಂಡ್ನರ್. ಅವರಿಗೆ ವಿಮಾನ ತಯಾರು, ಎಂಜಿನ್ ಇನ್ನೂ ಇಲ್ಲ, ಹಾಗಾಗಿ 1964ರ ಮಾರ್ಚ್ 7ಕ್ಕೆ ಎಚ್‌ಎ-300 ಮೊದಲ ಸಲ ಹಾರಿದ್ದು ಅದೇ ಆರ್ಫಿಯಸ್ 703 ಹಾಕ್ಕೊಂಡು. ಹಾರಿಸಿದ್ದು ಭಾರತದ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ. ಎರಡು ಬಡ ದೇಶ, ಎರಡಕ್ಕೂ ವಿಮಾನ ಇದೆ, ಎಂಜಿನ್ ಇಲ್ಲ, ಸೇರಿ ಒಂದು ಎಂಜಿನ್ ಮಾಡ್ಲಿಕ್ಕೆ ಹೊರಟಿದ್ವು. ನಾವು ಒಂದು ಮಾರುತವನ್ನೇ ಈಜಿಪ್ಟಿನ ಹೆಲ್ವಾನಿಗೆ ಕಳಿಸಿದ್ವು, ಒಂದು ಕಡೆ ಆರ್ಫಿಯಸ್ ಇಟ್ಟು ಇನ್ನೊಂದು ಕಡೆ ಇ-300 ಕೂರಿಸಿ 1967ರ ಮಾರ್ಚ್ 29ಕ್ಕೆ ಹಾರಿಸಿದ್ರು. ಎರಡು ತಿಂಗಳು ಕಳೆದು ಜೂನಲ್ಲಿ ಇಸ್ರೇಲ್ ಜೊತೆ ಯುದ್ಧ ಆಯ್ತು, ಈಜಿಪ್ಟಿನ ವಾಯುಸೇನೆಯೇ ನೆಲಸಮ ಆಯ್ತು. 1969ರ ಮೇ ತಿಂಗಳಲ್ಲಿ ಅವರು ವಿಮಾನ, ಎಂಜಿನ್ ಎರಡೂ ಕೈಬಿಟ್ರು.

ಆಮೇಲೆ ಉಳಿದದ್ದು ಮನೆಯಲ್ಲೇ ಮಾಡೋದು. ಬೆಂಗಳೂರಲ್ಲಿ ಜಿಟಿಆರ್‌ಇ ಅಂತ ಡಿಆರ್‌ಡಿಒದ ಎಂಜಿನ್ ಸಂಸ್ಥೆ ಇದೆ, 1959ರಲ್ಲಿ ಕಾನ್ಪುರದಲ್ಲಿ ಹುಟ್ಟಿ ಎರಡು ವರ್ಷಕ್ಕೆ ಬೆಂಗಳೂರಿಗೆ ಬಂದದ್ದು. ಆ ಜನ ಆರ್ಫಿಯಸ್ 703ಕ್ಕೇ ಒಂದು ಆಫ್ಟರ್‌ಬರ್ನರ್ ಮಾಡಿದ್ರು. ಅದನ್ನ ಹಾಕಿದ ಮಾರುತ ಹಾರಿಸುವಾಗ 1970ರ ಜನವರಿ 10ಕ್ಕೆ ಬೆಂಗಳೂರಲ್ಲಿ ಟೇಕಾಫ್ ಹೊತ್ತಿಗೆ ಅಪಘಾತ ಆಗಿ ಸುರಂಜನ್ ದಾಸ್ ತೀರ್ಕೊಂಡ್ರು. ಮೊದಲ ದಿನ ಮಾರುತವನ್ನ ಹಾರಿಸಿದ ಅದೇ ಮನುಷ್ಯ. ಬೆಂಗಳೂರಲ್ಲಿ ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆ ಹೋಗೋ ರಸ್ತೆಗೆ ಅವರ ಹೆಸರೇ ಇದೆ, ದಿನಾ ಲಕ್ಷಾಂತರ ಜನ ಓಡಾಡ್ತಾರೆ, ನಮ್ಮ ಜಿಲ್ಲೆಯಿಂದ ಅಲ್ಲಿಗೆ ಕೆಲಸಕ್ಕೆ ಹೋದ ಹುಡುಗರೂ ಓಡಾಡ್ತಾರೆ, ಆ ಹೆಸರು ಯಾರದ್ದು ಅಂತ ಕ್ಲಾಸಲ್ಲಿ ಕೇಳಿದ್ರೆ ಒಬ್ಬರೂ ಹೇಳ್ಲಿಲ್ಲ. ನನಗೆ ಅವತ್ತು ಬಹಳ ಬೇಜಾರಾಯ್ತು. ಆಫ್ಟರ್‌ಬರ್ನರ್ ಇದ್ದ ಮಾರುತ ಸೇವೆಗೆ ಬರ್ಲೇ ಇಲ್ಲ.

ಒಟ್ಟು 147 ಮಾರುತ ತಯಾರಾದ್ವು. ಎಂಜಿನ್ ಸಣ್ಣದಾದ್ರೂ 1971ರ ಯುದ್ಧದಲ್ಲಿ ರಾಜಸ್ಥಾನದ ಉತ್ತರ್‌ಲಾಯಿ ಕಡೆಯಿಂದ ನೆಲದ ಮೇಲಿನ ಗುರಿಗಳಿಗೆ ಹೊಡೀಲಿಕ್ಕೆ ಚೆನ್ನಾಗೇ ಕೆಲಸ ಮಾಡಿದ್ವು, ಒಂದು ಎಂಜಿನ್ ಹೋದ್ರೂ ಇನ್ನೊಂದರಲ್ಲಿ ವಾಪಸ್ ಬಂದದ್ದೂ ಇದೆ. ಆದ್ರೆ ಶಬ್ದದ ಎರಡು ಪಟ್ಟು ಹೋಗ್ಬೇಕಾದ ವಿಮಾನ ಸುಮಾರು ಶಬ್ದದ ವೇಗದಲ್ಲೇ ನಿಂತಿತು. ಅಷ್ಟರಲ್ಲಿ 1962ರಲ್ಲೇ ಮಿಗ್-21 ತಗೊಳ್ಳೋ ಒಪ್ಪಂದ ಆಗಿ, ಅದರ ಎಂಜಿನ್ ಲೈಸೆನ್ಸ್ ಮೇಲೆ ಮಾಡ್ಲಿಕ್ಕೆ ಒಡಿಶಾದ ಕೊರಾಪುಟಲ್ಲಿ ಕಾರ್ಖಾನೆ ಬಂದಿತ್ತು, ಮುಂದೆ ಜಾಗ್ವಾರ್ ಬಂತು, ಅದರ ಎಂಜಿನ್ನಿಗೂ ಲೈಸೆನ್ಸ್. ಮಾರುತ ಡಿಸೈನ್ ಮಾಡಿ ಕೈ ಪಳಗಿದ ತಂಡಕ್ಕೆ ಮುಂದಿನ ಯುದ್ಧವಿಮಾನ ಸಿಗ್ಲೇ ಇಲ್ಲ, ನಮ್ಮದೇ ಹಗುರ ಯುದ್ಧವಿಮಾನ ತೇಜಸ್ಸಿನ ಯೋಜನೆ ಶುರುವಾಗಿದ್ದು 1983ರಲ್ಲಿ, ಅಷ್ಟೊತ್ತಿಗೆ ಆ ಜನ ನಿವೃತ್ತಿ ಅಂಚಿಗೆ ಬಂದಿದ್ರು.

ಪ್ರಕರಣ ಇಷ್ಟು. ಈಗ ನಾನು ಇದನ್ನ ಹೇಗೆ ಓದ್ತೇನೆ ಅಂತ ಹೇಳ್ತೇನೆ.

ನಮಗೆ ಎಂಜಿನ್ ಮಾಡ್ಲಿಕ್ಕೆ ಬುದ್ಧಿ ಇರ್ಲಿಲ್ಲ, ದುಡ್ಡು ಇರ್ಲಿಲ್ಲ ಅಂತ ಎಲ್ಲರೂ ಹೇಳ್ತಾರೆ, ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ, ಯಾಕಂದ್ರೆ ನಮ್ಮದೇ ತಾಲೂಕಲ್ಲಿ ಕೈಗಾ ಇದೆ. 1974ರ ಪೋಖ್ರಾನ್ ಅಣುಪರೀಕ್ಷೆ ಆದ ಮೇಲೆ ಕೆನಡಾದವರು ರಾಜಸ್ಥಾನದ ಎರಡನೇ ರಿಯಾಕ್ಟರನ್ನ ಅರ್ಧಕ್ಕೇ ಬಿಟ್ಟು ಹೋದ್ರು, ಬೇರೆ ಯಾರೂ ಕೊಡೋರಿರ್ಲಿಲ್ಲ. ನಮ್ಮವರು ಅದನ್ನ ಮುಗಿಸಿದ್ರು, ಆಮೇಲೆ ಅದೇ ಜಾತಿಯ ರಿಯಾಕ್ಟರನ್ನ ತಿದ್ದಿ ತಿದ್ದಿ ಒಂದಾದ ಮೇಲೊಂದು ಕಟ್ಟಿದ್ರು. ಕೈಗಾದಲ್ಲಿ 1994ರ ಮೇ ತಿಂಗಳಲ್ಲಿ ಮೊದಲ ಘಟಕದ ಗುಮ್ಮಟದ ಕಾಂಕ್ರೀಟ್ ಕಟ್ಟುವಾಗಲೇ ಕಳಚಿ ಬಿತ್ತು. ಎಷ್ಟು ದೊಡ್ಡ ಸೋಲು ಅದು. ಯೋಜನೆ ಬಿಡ್ಲಿಲ್ಲ, ಡಿಸೈನ್ ತಿದ್ದಿ ಮತ್ತೆ ಕಟ್ಟಿದ್ರು, 2000ದಲ್ಲಿ ಕರೆಂಟು ಕೊಡ್ಲಿಕ್ಕೆ ಶುರುವಾಯ್ತು. ಅದೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡ್ತು, ಬ್ರಿಟನ್ನಿನ ರಿಯಾಕ್ಟರೊಂದರ 940 ದಿನದ ದಾಖಲೆ ಮುರಿದು. ಗುಮ್ಮಟ ಬಿದ್ದ ಅದೇ ಘಟಕ!

ಒಂದೇ ದೇಶ, ಹೆಚ್ಚುಕಮ್ಮಿ ಒಂದೇ ಥರದ ಇಂಜಿನಿಯರ್‌ಗಳು. ಒಂದರಲ್ಲಿ ಬಿದ್ದ ಮೇಲೆ ಎದ್ವು, ಇನ್ನೊಂದರಲ್ಲಿ ಬಿಟ್ವು. ವ್ಯತ್ಯಾಸ ನನಗೆ ಕಾಣೋದು ಒಂದೇ. ರಿಯಾಕ್ಟರ್ ಮಾರೋ ಅಂಗಡಿಗಳೆಲ್ಲ ನಮಗೆ ಬಾಗಿಲು ಹಾಕಿದ್ವು. ಎಂಜಿನ್ ಮಾರೋರು ಮಾತ್ರ ಯಾವತ್ತೂ ಒಬ್ಬರಾದ್ರೂ ಇರ್ತಿದ್ರು. ಬ್ರಿಟನ್ ಇಲ್ದಿದ್ರೆ ರಷ್ಯಾ, ರಷ್ಯಾ ಇಲ್ದಿದ್ರೆ ಅಮೆರಿಕ, ಫ್ರಾನ್ಸ್. ಗಡಿಯಲ್ಲಿ ಯುದ್ಧದ ಭಯ ಇರುವಾಗ ವಾಯುಸೇನೆ ಹತ್ತು ವರ್ಷ ಕಾಯಿ ಅಂದ್ರೆ ಹೇಗೆ ಕಾಯ್ತದೆ, ಅವರ ತಪ್ಪಲ್ಲ ಅದು. ಆದ್ರೆ ಎಂಜಿನ್ ಕೆಲಸವನ್ನ ವಿಮಾನದ ಬಾಲಕ್ಕೆ ಕಟ್ಟಿದ್ದು ತಪ್ಪು. ವಿಮಾನದ ಗಡುವು ಬಂತು, ಎಂಜಿನ್ ತಯಾರಿಲ್ಲ, ಹೊರಗಿಂದ ತರಿಸು, ಅಲ್ಲಿಗೆ ಮನೆ ಎಂಜಿನ್ನಿಗೆ ಯಜಮಾನರೇ ಇಲ್ಲ.

ಎಂಜಿನ್ನಿನ ಆಯಸ್ಸು ಬೇರೆ ಲೆಕ್ಕ. ಎನ್‌ಕೆ-12 ಹುಟ್ಟಿದ್ದು 1950ರ ದಶಕದಲ್ಲಿ, ರಷ್ಯಾದ ಟಿಯು-95 ಬಾಂಬರ್‌ಗಳು ಇವತ್ತಿಗೂ ಅದ್ರಲ್ಲೇ ಹಾರ್ತವೆ. ನಮ್ಮ ತೇಜಸ್ಸಿಗೆ ಹಾಕೋ ಅಮೆರಿಕದ ಜಿಇ ಕಂಪನಿಯ ಎಫ್-404 ಇದೆಯಲ್ಲ, ಅದರ ಅಪ್ಪ 1970ರ ದಶಕದ ಒಂದು ಪ್ರಯೋಗದ ಎಂಜಿನ್, ಅದನ್ನ ಹಾಕಿದ ವಿಮಾನ ಸ್ಪರ್ಧೆಯಲ್ಲಿ ಸೋತಿತ್ತು, ಎಂಜಿನ್ ಮಾತ್ರ ಬೆಳೀತಾ ಹೋಯ್ತು, ಅದರ ಮಗ 404, ಮೊಮ್ಮಗ ತೇಜಸ್ ಮಾರ್ಕ್-2ಕ್ಕೆ ಬರೋ 414. ವಿಮಾನ ಸೋತ್ರೂ ಎಂಜಿನ್ ಉಳಿಸ್ಕೊಂಡ್ರು ಅವರು.

ನಾವು ಮಾರುತ ಆದ ಮೇಲೂ ಹಾಗೆ ಮಾಡ್ಲಿಲ್ಲ. ತೇಜಸ್ಸಿಗೆ ಅಂತ ಜಿಟಿಆರ್‌ಇ ಮಾಡ್ಲಿಕ್ಕೆ ಹೊರಟ ಕಾವೇರಿ ಎಂಜಿನ್ ಕಥೆ ಬೇಗ ಹೇಳ್ತೇನೆ. 1989ರಲ್ಲಿ 382.81 ಕೋಟಿ ರೂಪಾಯಿಗೆ ಮಂಜೂರು, 1996ಕ್ಕೆ ಮುಗೀಬೇಕಿತ್ತು, ಸರ್ಕಾರಿ ಲೆಕ್ಕ ತಪಾಸಣೆಯ ಸಿಎಜಿ ವರದಿ ಹೊತ್ತಿಗೆ ಅಂದಾಜು 2,839 ಕೋಟಿಗೆ ಹೋಗಿತ್ತು. 81 ಕಿಲೋನ್ಯೂಟನ್ ನೂಕು ಬೇಕಿತ್ತು (ಒಂದು ಕಿಲೋನ್ಯೂಟನ್ ಅಂದ್ರೆ ಸುಮಾರು 100 ಕೆಜಿ), ಎಪ್ಪತ್ತರ ಆಸುಪಾಸಿಗೆ ನಿಂತಿತು, ತೂಕ 1,100 ಕೆಜಿ ಇರ್ಬೇಕಿತ್ತು, 1,235 ಆಯ್ತು. ತೇಜಸ್ ಕಾಯ್ಲಿಲ್ಲ, 2001ರ ಜನವರಿ 4ಕ್ಕೆ ಅಮೆರಿಕದ ಎಂಜಿನಲ್ಲಿ ಹಾರಿತು, 2008ರಲ್ಲಿ ಕಾವೇರಿಯನ್ನ ತೇಜಸ್ಸಿಂದ ಬಿಡಿಸಿಬಿಟ್ರು. ಮಾರುತ ಎಂಜಿನ್ ಇಲ್ಲದ ವಿಮಾನ ಆಗಿತ್ತು, ಕಾವೇರಿ ವಿಮಾನ ಇಲ್ಲದ ಎಂಜಿನ್ ಆಯ್ತು. ಆದ್ರೂ ಕಾವೇರಿಯನ್ನ ಸೋಲು ಅಂತ ಬರೆದುಬಿಡೋರ ಮಾತು ನನಗೆ ನೋವಾಗ್ತದೆ, ಯಾಕಂದ್ರೆ ಯಾಕೆ ಒಡೀತದೆ, ಯಾಕೆ ನಡುಗ್ತದೆ ಅನ್ನೋ ಆ ಬರೆದುಕೊಡದ ವಿದ್ಯೆ ನಮ್ಮ ಜನಕ್ಕೆ ಮೊದಲ ಸಲ ಸಿಕ್ಕಿದ್ದು ಅದ್ರಲ್ಲೇ. ಹಡಗಿಗೆ ಅಂತ ಅದರದ್ದೇ 12 ಮೆಗಾವ್ಯಾಟ್ ರೂಪ ಮಾಡಿ 2008ರಲ್ಲಿ ವಿಶಾಖಪಟ್ಟಣದಲ್ಲಿ ಓಡಿಸಿಯೂ ತೋರಿಸಿದ್ರು. ಇಲ್ಲಿ ನೌಕಾನೆಲೆಗೆ ಊರಿಗೆ ಊರೇ ಜಾಗ ಬಿಟ್ಟುಕೊಟ್ಟಿದೆ, ನಮ್ಮ ಅಜ್ಜಿ ಮನೆ ಇದ್ದ ಜಾಗವೂ ಈಗ ಬೇಲಿ ಒಳಗೆ. ಹಾಗಾಗಿ ವಿಮಾನ ಹೊರೋ ವಿಕ್ರಾಂತ್ ಹಡಗನ್ನ ಓಡಿಸೋ ನಾಲ್ಕು ಗ್ಯಾಸ್ ಟರ್ಬೈನ್ ಜಿಇ ಕಂಪನಿಯದ್ದು ಅಂತ ಓದುವಾಗ ನನ್ನಂಥವನಿಗೆ ಇದು ಬರೀ ಪೇಪರ್ ಸುದ್ದಿ ಆಗಿ ಉಳಿಯೋದಿಲ್ಲ. 2020ರ ಜನವರಿ 11ಕ್ಕೆ ನೌಕಾ ತೇಜಸ್ ನಮ್ಮ ಬಂದರಿನ ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಮೇಲೆ ಇಳಿದ ದಿನ ಕಾಲೇಜಲ್ಲಿ ಎಲ್ಲರಿಗೂ ಸಿಹಿ ಹಂಚಿದ್ವು, ಆ ಖುಷಿ ಸುಳ್ಳಲ್ಲ, ಅದರ ಎಂಜಿನ್ ನಮ್ಮದಲ್ಲ ಅನ್ನೋದೂ ಸುಳ್ಳಲ್ಲ.

ಇದು ಹಳೇ ಕಥೆ ಅಂತ ಅಂದ್ಕೊಳ್ಳೋರಿಗೆ ಒಂದು ಲೆಕ್ಕ. 2021ರ ಫೆಬ್ರವರಿಯಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಕ್ಕೆ ಆರ್ಡರ್ ಆಯ್ತು, ಆಗಸ್ಟಲ್ಲಿ 99 ಎಂಜಿನ್ನಿಗೆ ಆರ್ಡರ್ ಹೋಯ್ತು, 2024ರ ಮಾರ್ಚಿಗೆ ವಿಮಾನ ಬರ್ಲಿಕ್ಕೆ ಶುರುವಾಗ್ಬೇಕಿತ್ತು, ಮೊದಲ ಎಂಜಿನ್ ಕೈಗೆ ಸಿಕ್ಕಿದ್ದೇ 2025ರ ಮಾರ್ಚಲ್ಲಿ. ಮಾವ ಕೇಳೋ ಪ್ರಶ್ನೆಯನ್ನ ಅಲ್ಲೂ ಕೇಳ್ಬೇಕಿತ್ತು, ಬುಕ್ ಮಾಡಿದ್ದು ಸರಿ, ಶೆಡ್ಡಿಗೆ ಬಂತಾ.

ಸಣ್ಣ ವಿಮಾನಗಳ ಮಾತನ್ನೂ ಇಲ್ಲೇ ಹೇಳ್ಬೇಕು, ಯಾಕಂದ್ರೆ ಕಲಿಯೋದು ಅಲ್ಲಿಂದ ಶುರುವಾಗ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಎಚ್‌ಎಎಲ್ 1958ರಲ್ಲಿ ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತ ಮಾಡಿದ ಪುಷ್ಪಕ್ ವಿಮಾನಕ್ಕೆ ಅಮೆರಿಕದ ಕಾಂಟಿನೆಂಟಲ್, 90 ಹಾರ್ಸ್‌ಪವರ್. ಇವತ್ತು ಬೆಂಗಳೂರಿನ ಎನ್‌ಎಎಲ್ ಮಾಡೋ ಎರಡು ಸೀಟಿನ ಹಂಸ-ಎನ್‌ಜಿಗೆ ಆಸ್ಟ್ರಿಯಾದ ರೋಟಾಕ್ಸ್, 100 ಹಾರ್ಸ್‌ಪವರ್. ಅರವತ್ತು ವರ್ಷದಲ್ಲಿ ನೂರು ಹಾರ್ಸ್‌ಪವರಿನ ಒಂದು ಪಿಸ್ಟನ್ ಎಂಜಿನ್ ವಿಮಾನಕ್ಕೆ ಅಂತ ನಾವು ದೊಡ್ಡ ಸಂಖ್ಯೆಯಲ್ಲಿ ಮಾಡ್ಲಿಲ್ಲ, ಅದೇ ಅಳತೆಯ ಕಾರಿನ ಎಂಜಿನ್ ಲಕ್ಷಗಟ್ಟಲೆ ಮಾಡ್ತೇವೆ. ಕಾರಿನದ್ದನ್ನೇ ಹಾಕಿದ್ರೆ ಆಗೋದಿಲ್ವಾ ಅಂತ ಹುಡುಗ್ರು ಕೇಳ್ತಾರೆ. ಕಾರು ಹೈವೇಯಲ್ಲಿ ಹೋಗುವಾಗ ಎಂಜಿನ್ ತನ್ನ ಶಕ್ತಿಯ ಕಾಲು ಭಾಗ ಕೊಟ್ರೆ ಹೆಚ್ಚು, ವಿಮಾನದಲ್ಲಿ ಮುಕ್ಕಾಲು ಭಾಗವನ್ನ ತಾಸುಗಟ್ಟಲೆ ಕೊಡ್ತಾನೇ ಇರ್ಬೇಕು, ಟ್ರಾಲರ್ ಬಲೆ ಎಳೆಯೋ ಹಾಗೆ. ಮಾವನಿಗೆ ಇದನ್ನ ವಿವರಿಸಬೇಕಾಗಿಯೇ ಬರ್ಲಿಲ್ಲ, ಲಾರಿ ಎಂಜಿನ್ ತಂದು ಬೋಟಿಗೆ ಹಾಕಿದವರ ಪಾಡು ಅವರು ಬೇಕಾದಷ್ಟು ನೋಡಿದ್ದಾರೆ. ಹಾಗಂತ ಇದು ಏಕಹರಳಿನ ಬ್ಲೇಡಿನಷ್ಟು ದೂರದ ಮಾತೂ ಅಲ್ಲ. ಲಕ್ಷ್ಯ ಅನ್ನೋ ಪೈಲಟ್ ಇಲ್ಲದ ಗುರಿ ವಿಮಾನಕ್ಕೆ ಪಿಟಿಎಇ-7 ಅಂತ ಸಣ್ಣ ಜೆಟ್ ಎಂಜಿನ್ ಎಚ್‌ಎಎಲ್ ತಾನೇ ಡಿಸೈನ್ ಮಾಡಿ ಉತ್ಪಾದನೆಗೂ ತಂದಿದೆ. ಮಾಣಿಕ್ ಅನ್ನೋ ಸಣ್ಣ ಟರ್ಬೊಫ್ಯಾನ್ ಜೆಟ್ ಎಂಜಿನ್ ಜಿಟಿಆರ್‌ಇ ಕ್ಷಿಪಣಿಗೆ ಅಂತ ಮಾಡಿದೆ. ಎಚ್‌ಎಎಲ್‌ನದ್ದೇ 25 ಕಿಲೋನ್ಯೂಟನ್ನಿನ ಜೆಟ್ ಎಂಜಿನ್ ಎಚ್‌ಟಿಎಫ್‌ಇ-25ರ ಮೊದಲ ಓಟ 2015ರಲ್ಲೇ ಆಯ್ತು. ಇಂಥವುಗಳನ್ನ ಸಾಕ್ಬೇಕು, ಯಾವ ವಿಮಾನಕ್ಕೆ ಅಂತ ಕೇಳದೆ ಸಾಕ್ಬೇಕು, ವರ್ಷವರ್ಷ ಓಡಿಸಿ ಒಡೆದು ಮತ್ತೆ ಮಾಡ್ಬೇಕು.

2025ರ ಆಗಸ್ಟಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ಫ್ರಾನ್ಸಿನ ಸಾಫ್ರಾನ್ ಕಂಪನಿ ಜೊತೆ ಸೇರಿ ಮುಂದಿನ ಯುದ್ಧವಿಮಾನಕ್ಕೆ ಎಂಜಿನ್ ಮಾಡ್ತೇವೆ ಅಂತ ಹೇಳಿದ್ದಾರೆ. ಒಳ್ಳೇ ಸುದ್ದಿ. ಡ್ರಾಯಿಂಗ್ ಜೊತೆ ಆ ಸೋತ ಹತ್ತು ಡಿಸೈನಿನ ದಾಖಲೆಯೂ ಬರ್ತದಾ, ನಮ್ಮ ಹುಡುಗರು ಅವರ ಟೆಸ್ಟ್ ಬೆಡ್ ಪಕ್ಕ ಕೂತು ಬ್ಲೇಡ್ ಒಡೆಯೋದನ್ನ ನೋಡ್ತಾರಾ, ಒಪ್ಪಂದದಲ್ಲಿ ನಾನು ಹುಡುಕೋದು ಅದನ್ನೇ.

ಇದೆಲ್ಲ ಮಾವನ ಹತ್ರ ಫೋನಲ್ಲಿ ಹೇಳಿದಾಗ ಅವರು ಕೇಳಿದ್ದು, ಆ ಕಾವೇರಿ ಎಂಜಿನ್ ಈಗ ಎಲ್ಲಿ ಅದೆ ಅಂತ. ಆಫ್ಟರ್‌ಬರ್ನರ್ ತೆಗೆದು ಪೈಲಟ್ ಇಲ್ಲದ ವಿಮಾನಕ್ಕೆ ಹಾಕ್ಲಿಕ್ಕೆ ತಯಾರು ಮಾಡ್ತಿದ್ದಾರೆ, ಎತ್ತರದ ಟೆಸ್ಟಿಗೆ ರಷ್ಯಾಕ್ಕೆ ಕಳಿಸ್ತಾರೆ ಅಂದೆ. 2010ರ ನವೆಂಬರಲ್ಲಿ ಅದು ಮೊದಲ ಸಲ ಆಕಾಶಕ್ಕೆ ಹೋಗಿದ್ದೂ ಮಾಸ್ಕೋ ಹತ್ರ, ಅವರ ಇಲ್ಯೂಷಿನ್-76 ಸಾಮಾನು ವಿಮಾನದ ರೆಕ್ಕೆಗೆ ಕಟ್ಟಿ. "ಅಷ್ಟು ದೂರ ಯಂತಕ್ಕೆ? ನಮ್ಮ ಹತ್ರ ಆ ವಿಮಾನ ಇಲ್ವಾ ತಮಾ?" ಅಂದ್ರು. ಇದೆ ಮಾವ, 1985ರಿಂದ ಇದೆ, ನಮ್ಮ ವಾಯುಸೇನೆಯಲ್ಲಿ ಅದಕ್ಕೆ ಗಜರಾಜ ಅಂತ ಹೆಸರು. ಒಂದನ್ನ ಎಂಜಿನ್ ಟೆಸ್ಟಿಗೇ ಅಂತ ಬಿಟ್ಟುಕೊಟ್ರೆ, ನಾಲ್ಕರಲ್ಲಿ ಒಂದು ಎಂಜಿನ್ ಇಳಿಸಿ ಅಲ್ಲಿ ನಮ್ಮದು ಕಟ್ಟಿ ಬೆಂಗಳೂರಿಂದ ಹತ್ತಿಸಿ ಈ ನಮ್ಮ ಅರಬ್ಬಿ ಸಮುದ್ರದ ಮೇಲೆ ಬೇಕಾದಷ್ಟು ತಾಸು ಹಾರಿಸಬಹುದು.